‘ಹಿಂದೆ’, ‘ನಾಳೆ’, ‘ರಾತ್ರಿ 1 ಗಂಟೆ’: ಸಮಯ ಪರಿವರ್ತಕಕ್ಕೆ ಯಾವ ಪದಗಳು?

ಪ್ರಶ್ನೆ: ಒಂದೂರಿನ ಸಮಯ ಕೊಟ್ಟರೆ ಇನ್ನೊಂದೂರಿನ ಸಮಯ ತೋರಿಸುವ ಆನ್‌ಲೈನ್ ಪರಿವರ್ತಕವೊಂದನ್ನು ಕನ್ನಡದಲ್ಲಿ ಮಾಡುತ್ತಿದ್ದೇವೆ. ಟೈಮ್ ಝೋನ್‌ಗೆ ‘ಕಾಲವಲಯ’ ಸರಿಯೋ, ‘ಸಮಯ ವಲಯ’ ಸರಿಯೋ? ನ್ಯೂಯಾರ್ಕ್ ಲಂಡನ್ನಿಗಿಂತ ‘5 ಗಂಟೆ ಹಿಂದೆ’ ಎಂದು ಬರೆಯಬಹುದೆ? ತಾರೀಕು ದಾಟಿದಾಗ ‘ನಾಳೆ’ ಎಂದರೆ ಸಾಕೆ? ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಡೇಲೈಟ್ ಸೇವಿಂಗ್‌ಗೆ ಏನನ್ನೋಣ? ಎಎಂ, ಪಿಎಂಗೆ ಸದ್ಯ ‘ಪೂರ್ವಾಹ್ನ’, ‘ಅಪರಾಹ್ನ’ ಇಟ್ಟಿದ್ದೇವೆ.

ಉತ್ತರ: ಮೊದಲನೆಯದು ಸುಲಭ. ‘ಸಮಯ ವಲಯ’ ಇರಲಿ. ಫೋನಿನ ಸೆಟ್ಟಿಂಗ್‌ಗಳಲ್ಲಿ ಜನ ಅದನ್ನು ಈಗಾಗಲೇ ನೋಡಿದ್ದಾರೆ. ‘ಕಾಲ’ ಎಂದರೆ ಮಳೆಗಾಲವೂ ಆಗುತ್ತದೆ, ಭೂತಕಾಲವೂ ಆಗುತ್ತದೆ. ಆದರೆ ಪುಟದ ತಲೆಯ ಮೇಲೆ ‘ಸಮಯ ವಲಯ ಪರಿವರ್ತಕ’ ಎಂದು ಬರೆಯಬೇಡಿ. ಅಲ್ಲಿ ಬದಲಾಗುವುದು ವಲಯವಲ್ಲ. ‘ಯಾವೂರಲ್ಲಿ ಎಷ್ಟು ಗಂಟೆ?’ ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಗುಂಡಿಯ ಮೇಲೆ ‘ಸಮಯ ಬದಲಿಸಿ’ ಬೇಡ, ಸಭೆಯ ಹೊತ್ತನ್ನೇ ತಿದ್ದುತ್ತಿದ್ದೇವೆ ಅನ್ನಿಸುತ್ತದೆ. ‘ಸಮಯ ನೋಡಿ’ ಸಾಕು.

ನಿಜವಾದ ತೊಡಕಿರುವುದು ‘ಹಿಂದೆ’, ‘ಮುಂದೆ’ಗಳಲ್ಲಿ. ‘5 ಗಂಟೆ ಹಿಂದೆ’ ಎಂದರೆ ಕನ್ನಡದ ಕಿವಿಗೆ ಮೊದಲು ಕೇಳುವುದು ಐದು ಗಂಟೆ ಕಳೆದುಹೋದ ಸಂಗತಿ. ‘ಹಿಂದಿದೆ’ ಎಂದಿದ್ದರೆ ಉಳಿದುಕೊಳ್ಳುತ್ತಿತ್ತು. ಪರದೆಯಲ್ಲಿ ಜಾಗ ಸಾಲದೆ ಕ್ರಿಯಾಪದವನ್ನು ಕತ್ತರಿಸಿದಾಗಲೇ ಅರ್ಥ ಕೆಡುವುದು. ‘ಮುಂದೆ’ ಇನ್ನೂ ಅಪಾಯದ್ದು. ಸಭೆ ‘ಒಂದು ಗಂಟೆ ಮುಂದಕ್ಕೆ ಹೋಗಿದೆ’ ಎಂದರೆ ತಡವಾಗುತ್ತದೆ ಎಂದರ್ಥ. ಗಡಿಯಾರ ‘ಒಂದು ಗಂಟೆ ಮುಂದಕ್ಕೆ ಹೋಗಿದೆ’ ಎಂದರೆ ಬೇರೆ ವಲಯದಲ್ಲಿ ಕೂತವರಿಗೆ ಅದೇ ಸಭೆ ಒಂದು ಗಂಟೆ ಬೇಗ ಶುರುವಾಗುತ್ತದೆ.

ಉದಾಹರಣೆಗೆ, ಪ್ರತಿವಾರ ನ್ಯೂಯಾರ್ಕ್ ಸಮಯ ಬೆಳಿಗ್ಗೆ 10ಕ್ಕೆ ಸಭೆ. ಲಂಡನ್ನಿನವರಿಗೆ ಅದು ಮಾಮೂಲಾಗಿ ಮಧ್ಯಾಹ್ನ 3. 2026ರಲ್ಲಿ ಡೇಲೈಟ್ ಸೇವಿಂಗ್‌ಗೆಂದು ನ್ಯೂಯಾರ್ಕಿನ ಗಡಿಯಾರ ಮಾರ್ಚ್ 8ಕ್ಕೇ ಒಂದು ಗಂಟೆ ಮುಂದಾಗುತ್ತದೆ, ಲಂಡನ್ನಿನದು ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ಲಂಡನ್ನಿನಲ್ಲಿ ಸಭೆ ಮಧ್ಯಾಹ್ನ 2ಕ್ಕೆ. ‘ನ್ಯೂಯಾರ್ಕ್: 1 ಗಂಟೆ ಮುಂದಕ್ಕೆ’ ಎಂಬ ಸೂಚನೆ ಓದಿದವರು ಸಂಜೆ 4ಕ್ಕೆ ಬರುತ್ತಾರೆ. ಲೆಕ್ಕ ಸರಿಯಿದ್ದೂ ಒಂದು ಪದದಿಂದ ಎರಡು ಗಂಟೆ ತಪ್ಪಿತು. ಇದಕ್ಕೆ ನನ್ನ ಸಲಹೆ ‘ಹೆಚ್ಚು’, ‘ಕಡಿಮೆ’. ‘ನ್ಯೂಯಾರ್ಕ್: ಲಂಡನ್ನಿಗಿಂತ 5 ಗಂಟೆ ಕಡಿಮೆ’ ಎಂದರೆ ಗಡಿಯಾರದ ಅಂಕಿಯನ್ನು ಕಳೆಯಬೇಕು ಅಷ್ಟೆ, ಎರಡನೆಯ ಅರ್ಥ ಹುಟ್ಟುವುದಿಲ್ಲ. ಸಭೆಯ ಬಗ್ಗೆ ಹೇಳುವಾಗ ‘ಬೇಗ’, ‘ತಡ’ ಬಳಸಿ. ವ್ಯತ್ಯಾಸವನ್ನು ಯಾವ ತಾರೀಕಿಗೆ ಲೆಕ್ಕ ಹಾಕಿದ್ದು ಎಂಬುದೂ ಪಕ್ಕದಲ್ಲೇ ಇರಬೇಕು. ಆ ಮೂರು ವಾರ ಅದು 5 ಅಲ್ಲ, 4.

‘ಗಂಟೆ’ಯೂ ಎರಡು ಕೆಲಸ ಮಾಡುವ ಪದ. ‘ಕಠ್ಮಂಡು 5:45 ಗಂಟೆ’ ಎಂದರೆ ಅಲ್ಲಿ ಈಗ ಐದೂಮುಕ್ಕಾಲೋ, ಯುಟಿಸಿಗಿಂತ (ಎಲ್ಲ ವಲಯಗಳಿಗೂ ಆಧಾರವಾದ ಜಾಗತಿಕ ಸಮಯ) ಅಷ್ಟು ಹೆಚ್ಚೋ? ವ್ಯತ್ಯಾಸವನ್ನು ‘5 ಗಂಟೆ 45 ನಿಮಿಷ’ ಎಂದು ಬಿಡಿಸಿ ಬರೆಯಿರಿ, ಗಡಿಯಾರದ ಸಮಯವನ್ನು ಮಾತ್ರ 5:45 ಎಂದು. ಅವಧಿಗೆ ‘ತಾಸು’ ಎಂಬ ಚೆಂದದ ಪದವಿದೆ. ನಿಮ್ಮ ಓದುಗರಿಗೆಲ್ಲ ಬಳಕೆಯಲ್ಲಿದ್ದರೆ ಅದೇ ಒಳ್ಳೆಯದು.

‘ನಾಳೆ’ ಬೇಡವೇ ಬೇಡ. ನಾಳೆ ಎಂಬುದು ಓದುತ್ತಿರುವವರ ಇವತ್ತಿಗೆ ಅಂಟಿಕೊಂಡ ಪದ. ಮುಂದಿನ ತಿಂಗಳ ಸಭೆ ನೋಡುತ್ತಿರುವವರಿಗೆ ‘ನಾಳೆ 1:00’ ಶುದ್ಧ ತಪ್ಪು ಮಾಹಿತಿ. ಕೊಟ್ಟ ತಾರೀಕಿನಿಂದ ಎಣಿಸುವ ‘ಮರುದಿನ’, ‘ಹಿಂದಿನ ದಿನ’ ನಮ್ಮಲ್ಲಿವೆ, ಜೊತೆಗೆ ವಾರ, ತಾರೀಕು ಇರಲಿ. ಹವಾಯಿಯ ಹೊನೊಲುಲು ಯುಟಿಸಿಗಿಂತ 10 ಗಂಟೆ ಕಡಿಮೆ, ಪೆಸಿಫಿಕ್ ಸಾಗರದ ಕಿರಿಬಾಸ್‌ನ ಲೈನ್ ದ್ವೀಪಗಳು 14 ಗಂಟೆ ಹೆಚ್ಚು. ಎರಡೂ ಕಡೆ ಗಡಿಯಾರ ಒಂದೇ ಅಂಕಿ ತೋರಿಸುತ್ತದೆ, ತಾರೀಕು ಮಾತ್ರ ಬೇರೆ. ‘ಮರುದಿನ’ ಎಂಬ ಪದವಿಲ್ಲದಿದ್ದರೆ ಆ ಫಲಿತಾಂಶಕ್ಕೆ ಅರ್ಥವೇ ಇಲ್ಲ.

‘ಅಪರಾಹ್ನ 11’ ವ್ಯಾಕರಣಕ್ಕೆ ಒಪ್ಪಬಹುದು, ಬಾಯಿಗೆ ಒಪ್ಪುವುದಿಲ್ಲ. ಬೆಳಗಿನ ಜಾವ 4, ಬೆಳಿಗ್ಗೆ 8, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎನ್ನಿ. ಎಚ್ಚರ ಬೇಕಿರುವುದು ರಾತ್ರಿ 12ರಿಂದ 3ರವರೆಗೆ. 2026ರ ಜನವರಿ 16, ಶುಕ್ರವಾರ ಸಂಜೆ 4ಕ್ಕೆ ಲಂಡನ್ನಿನಿಂದ ಕರೆ ಮಾಡಿದರೆ ಟೋಕಿಯೊದಲ್ಲಿ ಶನಿವಾರ 01:00. ಇದನ್ನು ‘ಶನಿವಾರ ರಾತ್ರಿ 1 ಗಂಟೆ’ ಎಂದು ತೋರಿಸಿದರೆ ನಾವೆಲ್ಲ ಶನಿವಾರ ಊಟ ಮುಗಿಸಿ ಕಾಯುತ್ತೇವೆ, ಅಂದರೆ ಪೂರಾ ಒಂದು ದಿನ ತಡ. ಮಾತಿನಲ್ಲಿ ನಮ್ಮ ದಿನ ಬೆಳಗಾದಾಗ ಬದಲಾಗುತ್ತದೆ, ಕ್ಯಾಲೆಂಡರಿನದು ನಡುರಾತ್ರಿಯಲ್ಲಿ. ಈ ಮೂರು ಗಂಟೆಗಳಿಗೆ ಮಾತ್ರ ‘ಶುಕ್ರವಾರ ರಾತ್ರಿ ಕಳೆದು, ಶನಿವಾರ 01:00’ ಎಂಬ ಉದ್ದನೆಯ ರೂಪ ಇಡಿ. ಜಾಗ ಹೋದರೆ ಹೋಗಲಿ.

ವಿಭಕ್ತಿಯ ವಿಷಯ ನೀವು ಕೇಳಿಲ್ಲ, ಆದರೆ ಬಂದೇ ಬರುತ್ತದೆ. ಊರಿನ ಹೆಸರಿಗೆ ತಂತ್ರಾಂಶ ‘ನಲ್ಲಿ’ ಅಂಟಿಸಿದರೆ ‘ಸಿಡ್ನಿನಲ್ಲಿ’, ‘ಟೋಕಿಯೊನಲ್ಲಿ’ ಆಗುತ್ತದೆ. ಆಗಬೇಕಾದದ್ದು ಸಿಡ್ನಿಯಲ್ಲಿ, ಟೋಕಿಯೊದಲ್ಲಿ, ಕಠ್ಮಂಡುವಿನಲ್ಲಿ. ‘ಸಿಡ್ನಿ: ಸಂಜೆ 6:00’ ಎಂದು ಹೆಸರನ್ನು ಬಿಡಿಯಾಗಿ ನಿಲ್ಲಿಸಿದರೆ ಗೋಜಿಲ್ಲ. ವಾಕ್ಯವೇ ಬೇಕಿದ್ದರೆ ಪ್ರತಿ ಊರಿಗೂ ಸಪ್ತಮಿ, ಚತುರ್ಥಿ ರೂಪಗಳನ್ನು ಕೈಯಾರೆ ಬರೆದಿಡಬೇಕು.

ಡೇಲೈಟ್ ಸೇವಿಂಗ್‌ಗೆ ‘ಹಗಲು ಉಳಿತಾಯ ಸಮಯ’ ಪದಶಃ ಅನುವಾದ, ಏನು ಉಳಿಯಿತು ಎಂದು ತಿಳಿಯುವುದಿಲ್ಲ. ‘ಬೇಸಿಗೆ ಸಮಯ’ ಮೇಲು. ಆದರೆ ಸಿಡ್ನಿಯಲ್ಲಿ ಅದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ಹಾಗಾಗಿ ‘ಅಲ್ಲಿನ ಬೇಸಿಗೆ ಸಮಯ’ ಎಂದು ಬರೆದು ಆರಂಭ, ಮುಕ್ತಾಯದ ತಾರೀಕು ಕೊಡಿ.

ಗಡಿಯಾರ ತಿರುಗುವ ದಿನಕ್ಕೆ ಎರಡು ಸಂದೇಶ ಬೇಕು. 2026ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ನಡುರಾತ್ರಿ ಕಳೆದು 2:00 ಆಗುತ್ತಲೇ 3:00 ಆಗುವುದರಿಂದ 2:30 ಬರುವುದೇ ಇಲ್ಲ. ‘ತಪ್ಪು ಸಮಯ’ ಎಂದು ಬಳಕೆದಾರರನ್ನು ದೂರಬೇಡಿ. ‘ಆ ದಿನ ನ್ಯೂಯಾರ್ಕಿನಲ್ಲಿ 2:30 ಇರುವುದಿಲ್ಲ, 3:30 ಆಗಬಹುದೆ?’ ಎಂದು ಕೇಳಿ. ನವೆಂಬರ್ 1ರಂದು ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದರಿಂದ 1:30 ಎರಡು ಸಲ ಬರುತ್ತದೆ. ಅಲ್ಲಿ ‘ಮೊದಲ ಸಲದ 1:30’, ‘ಎರಡನೇ ಸಲದ 1:30’ ಎಂಬ ಆಯ್ಕೆ ಕೊಡಿ. ಮೊದಲನೆಯದು ಯುಟಿಸಿಗಿಂತ 4 ಗಂಟೆ ಕಡಿಮೆ, ಎರಡನೆಯದು 5.