ಕ್ರೋಮಿಯಂ ಸಂಕೀರ್ಣದ ಸಿಸ್ ಮತ್ತು ಟ್ರಾನ್ಸ್ ರೂಪಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ:
ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಆಕ್ಸಾಲಿಕ್ ಆಮ್ಲದಿಂದ ಪೊಟ್ಯಾಸಿಯಂ ಡೈಆಕ್ವಾಡೈಆಕ್ಸಲೇಟೊಕ್ರೋಮೇಟ್‌ನ ಎರಡೂ ಸಮಾಂಗಿಗಳನ್ನು, ಅಂದರೆ ಘಟಕಗಳು ಒಂದೇ ಆಗಿದ್ದು ಜೋಡಣೆ ಮಾತ್ರ ಬೇರೆಯಾದ ರೂಪಗಳನ್ನು, ತಯಾರಿಸಿದ್ದೇನೆ (ಕ್ರೋಮಿಯಂಗೆ ಬಂಧಿತವಾದ ಎರಡು ನೀರಿನ ಅಣುಗಳು ಅಕ್ಕಪಕ್ಕದಲ್ಲಿದ್ದರೆ ಸಿಸ್, ಎದುರುಬದುರಾಗಿದ್ದರೆ ಟ್ರಾನ್ಸ್). ಎರಡೂ ನೇರಳೆ ಛಾಯೆಯವೇ ಆಗಿರುವುದರಿಂದ ಬಣ್ಣವೊಂದನ್ನೇ ನಂಬಿ ಹೆಸರಿಸಲು ಧೈರ್ಯ ಸಾಲದು. ಎರಡರಲ್ಲಿಯೂ ಇರುವ ಘಟಕಗಳು ಒಂದೇ ಆದ್ದರಿಂದ ಮಾಮೂಲಿ ಅಯಾನು ಪರೀಕ್ಷೆಗಳೂ ಉಪಯೋಗಕ್ಕೆ ಬಾರವು. ಸರಳವಾದ ಪರೀಕ್ಷೆ ಇದೆಯೇ?

ಉತ್ತರ 1:
ಇದೆ, ಮತ್ತು ಅದು ಬಹಳ ಸ್ಪಷ್ಟವಾದ ಪರೀಕ್ಷೆ. ವಾಚ್ ಗ್ಲಾಸಿನ (ತುಸು ತಗ್ಗಾದ ಗಾಜಿನ ತಟ್ಟೆಯ) ಮೇಲೆ ಫಿಲ್ಟರ್ ಪೇಪರ್ ಇಟ್ಟು, ಅದರ ನಡುವೆ ಕೆಲವು ಹರಳುಗಳನ್ನು ಹಾಕಿ, ಒಂದೆರಡು ಹನಿ ದುರ್ಬಲ ಅಮೋನಿಯಾ ದ್ರಾವಣವನ್ನು ಬಿಡಿ. ಸಿಸ್ ರೂಪವಾಗಿದ್ದರೆ ಹರಳು ಕರಗಿ, ಕಡು ಹಸಿರು ದ್ರಾವಣವು ಕಾಗದದ ಮೇಲೆ ಬೇಗನೆ ಹರಡುತ್ತದೆ. ಟ್ರಾನ್ಸ್ ರೂಪವು ಕರಗದ ತಿಳಿಕಂದು ಘನವಾಗಿ ಮಾರ್ಪಟ್ಟು ಇದ್ದಲ್ಲಿಯೇ ಉಳಿಯುತ್ತದೆ. ಕ್ರೋಮಿಯಂಗೆ ಬಂಧಿತವಾದ ನೀರಿನ ಅಣುವಿನಿಂದ ಅಮೋನಿಯಾವು ಪ್ರೋಟಾನನ್ನು ಕಿತ್ತುಕೊಳ್ಳುವುದರಿಂದ ಈ ಬದಲಾವಣೆ ಉಂಟಾಗುತ್ತದೆ.

ಉತ್ತರ 2:
ತಯಾರಿಕೆಯ ವಿಧಾನವನ್ನೂ ಗಮನಿಸಬೇಕು, ಏಕೆಂದರೆ ಮಿಶ್ರಣವಾಗಿರುವ ಮಾದರಿಗೆ ಯಾವ ಪರೀಕ್ಷೆಯೂ ನೇರ ಉತ್ತರ ಕೊಡದು. ದ್ರಾವಣದಲ್ಲಿ ಎರಡೂ ರೂಪಗಳು ಪರಸ್ಪರ ಸಮತೋಲನದಲ್ಲಿರುತ್ತವೆ. ಟ್ರಾನ್ಸ್ ರೂಪದ ಕರಗುವಿಕೆ ಕಡಿಮೆಯಾದ್ದರಿಂದ, ನಿಧಾನವಾಗಿ ಆವಿಯಾಗಲು ಬಿಟ್ಟಾಗ ಅದೇ ಮೊದಲು ಹರಳುಗಟ್ಟುತ್ತದೆ. ಸಿಸ್ ರೂಪಕ್ಕಾದರೆ ಡೈಕ್ರೋಮೇಟ್ ಮತ್ತು ಆಕ್ಸಾಲಿಕ್ ಆಮ್ಲದ ಪುಡಿಗಳನ್ನು ಒಣದಾಗಿಯೇ ಬೆರೆಸಿ, ಒಂದೇ ಒಂದು ಹನಿ ನೀರು ಹಾಕಿ ಪಿಂಗಾಣಿ ಬಟ್ಟಲನ್ನು ಮುಚ್ಚಿಡುತ್ತಾರೆ. ಕ್ಷಣದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಹಬೆ ಭೋರ್ಗರೆದು ಹೊರಬಂದು, ತಳದಲ್ಲಿ ಕಪ್ಪು ನೇರಳೆಯ ಅಂಟುದ್ರವ ಉಳಿಯುತ್ತದೆ. ಅದಕ್ಕೆ ಎಥನಾಲ್ ಹಾಕಿ, ಗಟ್ಟಿಯಾಗುವವರೆಗೂ ಅರೆಯಬೇಕು. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕವಾದ್ದರಿಂದ ಕೈಗವಸು ಧರಿಸಿ, ಫ್ಯೂಮ್ ಹುಡ್‌ನೊಳಗೇ ಈ ಕೆಲಸವನ್ನು ಮಾಡಿ.

ಪ್ರಶ್ನೆ ಕೇಳಿದವರು:
ಪರೀಕ್ಷಿಸಿ ನೋಡಿದೆ, ಧನ್ಯವಾದಗಳು. ಸಿಸ್ ಮಾದರಿ ಪೂರ್ತಿ ಹಸಿರಾಗಿ ಹರಡಿತು. ಟ್ರಾನ್ಸ್ ಮಾದರಿ ಕಂದು ಬಣ್ಣಕ್ಕೆ ತಿರುಗಿದರೂ ಅದರ ಸುತ್ತ ತೆಳುವಾದ ಹಸಿರು ಅಂಚು ಕಾಣುತ್ತಿದೆ.

ಉತ್ತರ 2:
ಆ ಅಂಚು ಸಿಸ್ ರೂಪದ ಬೆರಕೆಯನ್ನು ತೋರಿಸುತ್ತದೆ. ದ್ರಾವಣವನ್ನು ಅತಿಯಾಗಿ ಇಂಗಿಸಿದಾಗ ಸಿಸ್ ರೂಪವೂ ಜೊತೆಯಲ್ಲಿ ಹರಳುಗಟ್ಟುತ್ತದೆ. ಮೂಲ ಪ್ರಮಾಣದ ಮೂರನೆಯ ಒಂದು ಭಾಗ ಉಳಿದಾಗಲೇ ಸೋಸಿ, ಹರಳುಗಳನ್ನು ಸ್ವಲ್ಪವೇ ತಣ್ಣೀರಿನಿಂದಲೂ ಅನಂತರ ಎಥನಾಲ್‌ನಿಂದಲೂ ತೊಳೆದು, ಮತ್ತೊಮ್ಮೆ ಅಮೋನಿಯಾ ಹನಿಯಿಂದ ಪರೀಕ್ಷಿಸಿ.