‘ಅಪ್ಪ ಬೆಟ್ಟದಂತೆ ನಿಂತಿದ್ದರು’: ಇಲ್ಲಿ ನೋಡುತ್ತಿರುವವರು ಯಾರು?

ಕೇಳಿದವರು: ಒಂಬತ್ತನೇ ತರಗತಿ ಹುಡುಗಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಕತೆ ಓದುವುದು ತುಂಬಾ ಇಷ್ಟ. ಆದರೆ ಓದಿದ ಮೇಲೆ ‘ಈ ಕತೆ ಯಾರ ದೃಷ್ಟಿಯಿಂದ ಬಂದಿದೆ?’, ‘ಈ ಹೋಲಿಕೆ ಇಲ್ಲಿ ಯಾಕಿದೆ?’ ಅಂತ ಕೇಳಿದರೆ ತಬ್ಬಿಬ್ಬಾಗುತ್ತಾಳೆ.

ಮೊನ್ನೆ ಅಭ್ಯಾಸಕ್ಕೆ ಒಂದು ಪುಟ್ಟ ಕತೆ ಕೊಟ್ಟಿದ್ದರು. ಮಗನೇ ಹೇಳುವ ಕತೆ. ಆರು ವರ್ಷದವನಿದ್ದಾಗ ಏನೋ ಒಡೆದು ಹಾಕಿ ಮೂಲೆಯಲ್ಲಿ ನಿಂತಿರುತ್ತಾನೆ. ಆಗ ‘ಅಪ್ಪ ಬಾಗಿಲಲ್ಲಿ ಬೆಟ್ಟದಂತೆ ನಿಂತಿದ್ದರು’ ಎಂಬ ಸಾಲು ಬರುತ್ತದೆ. ಕೊನೆಯಲ್ಲಿ ಮಗ ದೊಡ್ಡವನಾಗಿದ್ದಾನೆ. ‘ಅಪ್ಪ ಹಾಸಿಗೆಯ ಮೇಲೆ ಒಣಗಿದ ಎಲೆಯಂತೆ ಮಲಗಿದ್ದರು’ ಅಂತಿದೆ. ಮಗಳ ಉತ್ತರ ಹೀಗಿತ್ತು: ‘ಎರಡೂ ಉಪಮಾಲಂಕಾರ. ಅಪ್ಪ ಮೊದಲು ದಪ್ಪ ಇದ್ದರು, ಆಮೇಲೆ ಸಣ್ಣ ಆದರು.’

ಏನೋ ಬಿಟ್ಟುಹೋಗಿದೆ ಅಂತ ನನಗೆ ಗೊತ್ತಾಯಿತು. ಅದು ಏನು ಅಂತ ಹೇಳಲು ಬರಲಿಲ್ಲ. ನೀವು ಕಲಿತದ್ದು, ಕಲಿಸಿದ್ದು ಹೇಗೆ? ದಯವಿಟ್ಟು ಹಂಚಿಕೊಳ್ಳಿ.

ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದ ಶಿಕ್ಷಕಿ

ಮೇಡಂ, ಮಗಳ ಉತ್ತರ ಪೂರ್ತಿ ತಪ್ಪೇನಲ್ಲ. ಅವಳು ಅಪ್ಪನನ್ನು ಮಾತ್ರ ನೋಡಿದ್ದಾಳೆ. ಅಪ್ಪನನ್ನು ನೋಡುತ್ತಿರುವವನನ್ನು ನೋಡಿಲ್ಲ, ಅಷ್ಟೇ.

ಅವಳಿಗೆ ಒಂದೇ ಪ್ರಶ್ನೆ ಕೇಳಿ. ಈ ಸಾಲಿನಲ್ಲಿ ಕಣ್ಣು ಎಷ್ಟು ಎತ್ತರದಲ್ಲಿದೆ? ಆರು ವರ್ಷದ ಹುಡುಗನ ಕಣ್ಣು ಅಪ್ಪನ ಸೊಂಟದ ಹತ್ತಿರ ಇರುತ್ತದೆ. ಕತ್ತೆತ್ತಿ ನೋಡಬೇಕು. ಜೊತೆಗೆ ತಪ್ಪು ಮಾಡಿದ್ದಾನೆ, ಬಾಗಿಲಿನಿಂದ ಆಚೆ ಹೋಗುವ ದಾರಿಯೂ ಇಲ್ಲ. ಬೆಟ್ಟ ಅಂದರೆ ಎತ್ತರ ಮಾತ್ರ ಅಲ್ಲ. ಅದು ಜರುಗುವುದಿಲ್ಲ, ದಾಟುವುದು ಕಷ್ಟ. ಆ ಹುಡುಗನ ಹೆದರಿಕೆ ಪೂರ್ತಿ ಆ ಒಂದು ಪದದಲ್ಲಿದೆ. ಕೊನೆಯಲ್ಲಿ ಅದೇ ಮಗ ಹಾಸಿಗೆಯ ಪಕ್ಕ ನಿಂತು ಕೆಳಗೆ ನೋಡುತ್ತಿದ್ದಾನೆ. ಒಣಗಿದ ಎಲೆಯನ್ನು ಮುಟ್ಟಲು ಭಯ, ಪುಡಿಯಾಗಿಬಿಟ್ಟರೆ? ಅಪ್ಪ ಬದಲಾಗಿದ್ದಾರೆ, ನಿಜ. ಅದಕ್ಕಿಂತ ಜಾಸ್ತಿ ಬದಲಾಗಿರುವುದು ಮಗನ ಕಣ್ಣು.

ಈಗ ಅದೇ ಬಾಗಿಲನ್ನು ಆ ಮನೆಯ ಅಮ್ಮನ ಕಣ್ಣಿನಿಂದ ಬರೆಯಲು ಹೇಳಿ. ಅವಳಿಗೆ ಬೆಟ್ಟ ಕಾಣುತ್ತದಾ? ಖಂಡಿತ ಇಲ್ಲ. ದಣಿದು ಬಂದ ಗಂಡ ಕಾಣಬಹುದು. ನನ್ನ ತರಗತಿಯಲ್ಲಿ ಇದನ್ನು ಪ್ರತಿ ವರ್ಷ ಮಾಡಿಸುತ್ತಿದ್ದೆ. ಚೆಂಡು ತಗುಲಿ ಕಿಟಕಿಯ ಗಾಜು ಒಡೆಯಿತು. ಹೊಡೆದ ಹುಡುಗ, ಆ ಮನೆಯ ಅಜ್ಜ, ದಾರಿಯಲ್ಲಿ ಹೋಗುತ್ತಿದ್ದವರು, ಈ ಮೂವರೂ ಎರಡೆರಡು ಸಾಲು ಹೇಳಬೇಕು. ಅಲಂಕಾರದ ಹೆಸರು ಬೇಡ. ಹೋಲಿಕೆ ತಾನಾಗಿಯೇ ಬರುತ್ತಿತ್ತು, ಮೂವರದೂ ಬೇರೆ ಬೇರೆ. ಒಬ್ಬಳು ಅಜ್ಜನ ಬಾಯಿಂದ ‘ಮಧ್ಯಾಹ್ನದ ನಿದ್ದೆಯೇ ಚೂರುಚೂರಾಯಿತು’ ಅಂತ ಬರೆದಿದ್ದಳು. ಅವತ್ತು ಪಾಠ ಅಲ್ಲಿಗೇ ಮುಗಿಸಿದೆ.

ಇನ್ನೊಂದು ಗೊಂದಲದ ಬಗ್ಗೆ ಎಚ್ಚರ. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು’ ಪ್ರಥಮ ಪುರುಷ. ಇಂಗ್ಲಿಷಿನಲ್ಲಿ ‘ಫಸ್ಟ್ ಪರ್ಸನ್’ ಅಂದರೆ ‘ನಾನು’. ಅದನ್ನು ಪದಕ್ಕೆ ಪದ ಇಟ್ಟು ‘ಪ್ರಥಮ ಪುರುಷ ನಿರೂಪಣೆ’ ಅಂತ ಬರೆದುಬಿಟ್ಟರೆ ಅರ್ಥವೇ ತಿರುಗುಮುರುಗು. ಮಕ್ಕಳು ಎರಡೂ ಕಡೆ ಕೇಳಿ ಕಂಗಾಲಾಗುವುದು ಇಲ್ಲೇ. ಮನೆಯಲ್ಲಿ ಸುಮ್ನೆ ‘ನಾನು-ಕತೆ’, ‘ಅವನು-ಕತೆ’ ಅನ್ನಿ ಸಾಕು.

ಮತ್ತೆ, ‘ನಾನು’ ಪದವನ್ನು ಪೆನ್ಸಿಲ್ ಹಿಡಿದು ಹುಡುಕುವ ಅಭ್ಯಾಸ ಬಿಡಿಸಿ. ಸಂಭಾಷಣೆಯೊಳಗಿನ ‘ನಾನು’ ಲೆಕ್ಕಕ್ಕಿಲ್ಲ, ಅದು ಆ ಪಾತ್ರದ ಮಾತು. ಇನ್ನು ಕೆಲವು ಕತೆಗಳಲ್ಲಿ ಪುಟಗಟ್ಟಲೆ ‘ನಾನು’ ಕಾಣುವುದೇ ಇಲ್ಲ. ‘ಬೆಳಿಗ್ಗೆ ಎದ್ದೆ. ಕಿಟಕಿ ತೆಗೆದೆ.’ ಇಲ್ಲಿ ‘ನಾನು’ ಎಲ್ಲಿದೆ? ಕ್ರಿಯಾಪದದ ಕೊನೆಯಲ್ಲಿದೆ.

ಪುಸ್ತಕಗಳ ಕರಡು ತಿದ್ದುವವರು

ಟೀಚರ್ ಹೇಳಿದ ‘ಕಣ್ಣಿನ ಎತ್ತರ’ ನನಗೆ ತುಂಬಾ ಹಿಡಿಸಿತು. ನನ್ನ ಕೆಲಸದಲ್ಲಿ ದಿನಾ ಎದುರಾಗುವ ವಿಷಯ ಇದು. ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಇದನ್ನು ಎರಡು ಪ್ರಶ್ನೆಗಳಾಗಿ ಬಿಡಿಸಿಟ್ಟರು. ಹೇಳುತ್ತಿರುವವರು ಯಾರು? ನೋಡುತ್ತಿರುವವರು ಯಾರು? ‘ಅವನು-ಕತೆ’ಯಲ್ಲಿ ಹೇಳುವವರು ಹೊರಗಿನವರು. ಆದರೆ ನೋಡುವ ಕಣ್ಣು ಯಾವುದೋ ಪಾತ್ರದ್ದಾಗಿರಬಹುದು. ನಿಮ್ಮ ಮಗಳ ಕತೆಯಲ್ಲಿ ಇನ್ನೊಂದು ಬಗೆ ಇದೆ. ಹೇಳುತ್ತಿರುವವನು ದೊಡ್ಡವನಾದ ಮಗ, ಮೊದಲ ಸಾಲಿನಲ್ಲಿ ನೋಡುತ್ತಿರುವವನು ಆರು ವರ್ಷದ ಮಗ. ಒಬ್ಬನೇ ವ್ಯಕ್ತಿ, ಎರಡು ವಯಸ್ಸು.

ಆ ಕಣ್ಣನ್ನು ಹಿಡಿಯಲು ಕನ್ನಡವೇ ಎಷ್ಟೊಂದು ಸುಳಿವು ಕೊಡುತ್ತದೆ ನೋಡಿ. ‘ಅಜ್ಜಿ ಅಡುಗೆಮನೆಗೆ ಬಂದಳು’ ಅಂದರೆ ನಾವು ಅಡುಗೆಮನೆಯೊಳಗೆ ಇದ್ದೇವೆ. ‘ಹೋದಳು’ ಅಂದರೆ ಹೊರಗಿದ್ದೇವೆ. ‘ಮೇಷ್ಟ್ರು ಬಂದರು’ ಮತ್ತು ‘ಮೇಷ್ಟ್ರು ಬಂದ’ ಎರಡರಲ್ಲೂ ಬಂದವರು ಅದೇ ಮೇಷ್ಟ್ರು. ನೋಡುವವರ ಮನಸ್ಸು ಬೇರೆ. ಕತೆಯ ನಡುವೆ ‘ಬಂದರು’ ಇದ್ದದ್ದು ‘ಬಂದ’ ಆಯಿತು ಅಂದರೆ ಅಲ್ಲಿ ಏನೋ ಮುರಿದಿದೆ. ಅಥವಾ ಬರೆದವರ ಕೈತಪ್ಪು. ನಾನು ಅಂಚಿನಲ್ಲಿ ಗುರುತು ಹಾಕಿ ಕೇಳುತ್ತೇನೆ.

‘ತಾನು’ ಅಂತೂ ಚಿನ್ನದಂಥ ಪದ. ‘ಬಾಗಿಲು ತೆರೆದೇ ಇತ್ತು. ತಾನು ಹೊರಡುವಾಗ ಚಿಲಕ ಹಾಕಿದ್ದು ಚೆನ್ನಾಗಿ ನೆನಪಿತ್ತು.’ ಇಲ್ಲಿ ‘ಎಂದುಕೊಂಡಳು’ ಇಲ್ಲ. ಆದರೂ ಅವಳ ತಲೆಯೊಳಗೆ ಹೊಕ್ಕಿದ್ದೇವೆ. ‘ತಾನು’ ತೆಗೆದು ‘ಅವಳು’ ಹಾಕಿ ಓದಿ, ಒಂದು ಹೆಜ್ಜೆ ಹೊರಗೆ ಬಂದಂತಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ‘ಅಂತೆ’. ಮಕ್ಕಳಿಗೆ ‘ಅಂತೆ, ಹಾಗೆ ಬಂದರೆ ಉಪಮೆ’ ಅಂತ ಹೇಳಿಕೊಟ್ಟಿರುತ್ತಾರೆ. ‘ಬೆಟ್ಟದಂತೆ’ ಹೋಲಿಕೆ, ಸರಿ. ‘ಅಪ್ಪ ಹೇಳಿದಂತೆ ಮಾಡಿದ’ ಹೋಲಿಕೆಯಲ್ಲ, ಅಪ್ಪನ ಮಾತಿನ ಪ್ರಕಾರ ಅಂತ. ‘ಅವಳು ರಾತ್ರಿಯೆಲ್ಲ ಅತ್ತಳಂತೆ’ ಬೇರೆಯದೇ ಲೋಕ. ಹೇಳುವವರು ಅದನ್ನು ನೋಡಿಲ್ಲ, ಯಾರಿಂದಲೋ ಕೇಳಿದ್ದಾರೆ. ಒಂದು ‘ಅಂತೆ’ ಅಲಂಕಾರಕ್ಕೆ, ಇನ್ನೊಂದು ‘ಅಂತೆ’ ದೃಷ್ಟಿಕೋನಕ್ಕೆ! ಮಗಳಿಗೆ ಯಾವುದಾದರೂ ಕತೆಯ ಎರಡು ಪುಟ ಕೊಟ್ಟು ‘ಅಂತೆ’ಗಳನ್ನು ಬೇರೆ ಮಾಡಿಸಿ. ಆಟದ ಹಾಗೆ ಮಾಡುತ್ತಾಳೆ.

ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುವ ಹುಡುಗನ ಅಪ್ಪ

ನಮ್ಮ ಕಷ್ಟ ಇನ್ನೂ ಹಿಂದಿನ ಮೆಟ್ಟಿಲಲ್ಲಿತ್ತು. ‘ತಲೆ ತಿನ್ನಬೇಡ’ ಅಂದರೆ ಮಗ ಹೆದರಿ ನನ್ನ ತಲೆ ನೋಡುತ್ತಿದ್ದ. ‘ಗೆಳೆಯ ಕೈ ಕೊಟ್ಟ’ ಅಂತ ಕತೆಯಲ್ಲಿ ಬಂದರೆ ಕೈಕುಲುಕಿದ ಅಂದುಕೊಳ್ಳುತ್ತಿದ್ದ. ಮುಂದಿನ ಪುಟದಲ್ಲಿ ಇಬ್ಬರೂ ಯಾಕೆ ಮಾತು ಬಿಟ್ಟರು ಅಂತ ಅವನಿಗೆ ತಿಳಿಯುತ್ತಿರಲಿಲ್ಲ.

ನಮಗೆ ಸಹಾಯ ಆದದ್ದು ನಮ್ಮ ಹಳೆಯ ಕಾವ್ಯಶಾಸ್ತ್ರ ಅಂದರೆ ನಂಬುತ್ತೀರಾ? ಅದರಲ್ಲಿ ಅರ್ಥಕ್ಕೆ ಮೂರು ಪದರ. ಪದದ ನೇರ ಅರ್ಥ ಅಭಿಧೆ. ಅದು ಹೊಂದದೆ ಹೋದಾಗ ಪಕ್ಕದ ಅರ್ಥಕ್ಕೆ ಹೋಗುವುದು ಲಕ್ಷಣೆ. ಬಾಯಿಬಿಟ್ಟು ಹೇಳದೆ ಹೊಳೆಯುವುದು ವ್ಯಂಜನೆ. ಹಳಬರು ಕೊಡುವ ಉದಾಹರಣೆ ‘ಗಂಗೆಯಲ್ಲಿ ಹಳ್ಳಿ ಇದೆ’. ನೀರಿನೊಳಗೆ ಹಳ್ಳಿ ಇರಲು ಸಾಧ್ಯವಿಲ್ಲ. ಹಾಗಾಗಿ ಗಂಗೆಯ ದಡದಲ್ಲಿ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಹಾಗಾದರೆ ‘ದಡದಲ್ಲಿ’ ಅಂತಲೇ ಯಾಕೆ ಹೇಳಲಿಲ್ಲ? ಗಂಗೆಯ ತಂಪು, ಪಾವಿತ್ರ್ಯ ಹಳ್ಳಿಗೂ ಬರಲಿ ಅಂತ. 9ನೇ ಶತಮಾನದಲ್ಲಿ ಆನಂದವರ್ಧನ ಈ ಹೊಳೆಯುವ ಅರ್ಥವನ್ನೇ ‘ಧ್ವನಿ’ ಅಂತ ಕರೆದು, ಅದೇ ಕಾವ್ಯದ ಆತ್ಮ ಅಂದ.

ಮಗನಿಗೆ ಇದನ್ನೇ ಮೂರು ಪ್ರಶ್ನೆ ಮಾಡಿಕೊಟ್ಟೆ. ಇದು ನಿಜಕ್ಕೂ ಆಗಲು ಸಾಧ್ಯವಾ? ಇಲ್ಲ ಅಂದರೆ ಹತ್ತಿರದ ಅರ್ಥ ಯಾವುದು? ಹೀಗೆ ಸುತ್ತಿ ಹೇಳಿದ್ದರಿಂದ ಸಿಕ್ಕಿದ್ದೇನು? ಅವನಿಗೆ ನಿಯಮ ಬೇಕಿತ್ತು, ನಿಯಮ ಸಿಕ್ಕಿತು. ಮೊದಲ ಎರಡು ಪ್ರಶ್ನೆಗೆ ಈಗ ಪಟಪಟ ಉತ್ತರ ಕೊಡುತ್ತಾನೆ. ಮೂರನೆಯದಕ್ಕೆ ಇಬ್ಬರೂ ಕೂತು ಯೋಚಿಸುತ್ತೇವೆ. ನುಡಿಗಟ್ಟುಗಳನ್ನು ಮಾತ್ರ ಬಿಡಿಸಲು ಹೋಗಬೇಡಿ. ‘ಕೈ ಕೊಟ್ಟ’ ಹೇಗೆ ಬಂತು ಅಂತ ಕೆದಕುತ್ತಾ ಕೂತರೆ ಕತೆ ಕೈಬಿಟ್ಟು ಹೋಗುತ್ತದೆ. ಅವನ್ನು ಹೊಸ ಪದದ ಹಾಗೆ ಸುಮ್ನೆ ಕಲಿಸಿಬಿಡಿ.

ಕತೆ ಬರೆಯುವ ಹವ್ಯಾಸದವರು

ನನ್ನ ಒಂದು ತಪ್ಪಿನಿಂದ ನಾನು ಕಲಿತದ್ದು ಹೇಳುತ್ತೇನೆ. ಎಂಟು ವರ್ಷದ ಹುಡುಗಿ ಹೇಳುವ ಕತೆ ಬರೆದಿದ್ದೆ. ಅದರಲ್ಲಿ ‘ಸಂಜೆಯ ನೆರಳು ಸಾಲದ ಬಡ್ಡಿಯಂತೆ ಬೆಳೆಯುತ್ತಿತ್ತು’ ಅಂತ ಒಂದು ಸಾಲು. ನನಗೆ ಅದರ ಮೇಲೆ ತುಂಬಾ ಪ್ರೀತಿ. ಗೆಳತಿ ಓದಿ, ‘ಈ ಮಗುವಿಗೆ ಬಡ್ಡಿ ಅಂದರೆ ಏನು ಗೊತ್ತು?’ ಅಂದಳು. ಮಾತೇ ಹೊರಡಲಿಲ್ಲ. ಹೋಲಿಕೆ ನನ್ನದಾಗಿತ್ತು, ಹುಡುಗಿಯದಲ್ಲ. ಅವಳ ಕಣ್ಣನ್ನು ಪಕ್ಕಕ್ಕೆ ಸರಿಸಿ ನಾನೇ ನುಗ್ಗಿದ್ದೆ. ಕೊನೆಗೆ ‘ನೆರಳು ಅಕ್ಕನ ಲಂಗದಷ್ಟು ಉದ್ದ ಆಯಿತು’ ಅಂತ ಮಾಡಿದೆ. ಸಾಲು ಚಿಕ್ಕದಾಯಿತು, ಹುಡುಗಿ ಉಸಿರಾಡಿದಳು.

ಬಡ್ಡಿಯ ಹೋಲಿಕೆ ಎಲ್ಲೂ ಸಲ್ಲದು ಅಂತಲ್ಲ. ಸಾಲ ಮಾಡಿ ನಿದ್ದೆಗೆಟ್ಟವನು ಆ ಕತೆ ಹೇಳುತ್ತಿದ್ದರೆ, ಅವನ ಸಂಕಟವನ್ನು ಬೇರೆ ಎಲ್ಲೂ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಯಾರ ಬದುಕಿನಿಂದ ಈ ಹೋಲಿಕೆ ಬಂತು ಅಂತ ನೋಡಿದರೆ ನೋಡುವವರು ಸಿಗುತ್ತಾರೆ. ಮೀನುಗಾರನಿಗೆ ಮೋಡ ಬಲೆಯ ಹಾಗೆ ಕಾಣಬಹುದು, ನೇಕಾರನಿಗೆ ಹತ್ತಿಯ ರಾಶಿ.

ಹಾಗೆಯೇ ‘ನಾನು’ ಹೇಳಿದ್ದೆಲ್ಲ ನಿಜ ಅಂತ ಮಕ್ಕಳು ನಂಬಿಬಿಡುತ್ತಾರೆ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಇಂಥವರಿಗೆ ‘ನಂಬಲಾಗದ ನಿರೂಪಕ’ ಎಂಬ ಅರ್ಥದ ಹೆಸರಿಟ್ಟರು. ಸುಳ್ಳುಗಾರರೇ ಆಗಬೇಕಿಲ್ಲ. ಚಿಕ್ಕ ಮಗುವಾಗಿರಬಹುದು, ಹೊಟ್ಟೆಕಿಚ್ಚಿನ ಅಣ್ಣನಾಗಿರಬಹುದು. ಹೋಲಿಕೆ ಅಲ್ಲೂ ಗುಟ್ಟು ಬಿಟ್ಟುಕೊಡುತ್ತದೆ. ‘ತಮ್ಮನ ಮೇಲೆ ನನಗೆ ಕೋಪವೇ ಇಲ್ಲ’ ಅನ್ನುವವನು ಪುಟಕ್ಕೊಂದು ಸಲ ತಮ್ಮನನ್ನು ಜಿಗಣೆಗೆ, ಮುಳ್ಳಿಗೆ ಹೋಲಿಸುತ್ತಿದ್ದರೆ ಯಾವುದನ್ನು ನಂಬುತ್ತೀರಿ?

ಒಬ್ಬ ಓದುಗ

ಎಲ್ಲ ಸಲಹೆಯೂ ಒಳ್ಳೆಯದೇ. ಒಂದು ಮಾತ್ರ ಬೇಡಿಕೊಳ್ಳುತ್ತೇನೆ. ಮೊದಲ ಓದಿನಲ್ಲೇ ಈ ಪ್ರಶ್ನೆಗಳನ್ನು ಕೇಳಬೇಡಿ. ಚಿಕ್ಕವನಿದ್ದಾಗ ನನಗೆ ಸಾಲುಸಾಲಿಗೂ ‘ಇದು ಯಾವ ಅಲಂಕಾರ?’ ಅಂತ ಕೇಳುತ್ತಿದ್ದರು. ಕತೆಯ ಪುಸ್ತಕ ಮುಟ್ಟಲು ಮತ್ತೆ ಹತ್ತು ವರ್ಷ ಬೇಕಾಯಿತು. ಅವಳು ಮೊದಲು ಪೂರ್ತಿ ಓದಲಿ. ಎರಡನೇ ಸಲ ಒಂದೇ ಒಂದು ಸಾಲು ಆರಿಸಿಕೊಳ್ಳಿ, ಅದೂ ಅವಳೇ ಆರಿಸಿದ ಸಾಲು.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ‘ಅಂತೆ’ ಆಟ ಆಡಿದೆವು. ಈಗ ನಾನು ಫೋನಿನಲ್ಲಿ ‘ಅವರು ಬಂದರಂತೆ’ ಅಂದರೆ, ‘ಅಮ್ಮಾ, ನೀನು ನೋಡಿಲ್ಲ ಅಲ್ವಾ?’ ಅಂತ ಹಿಡಿಯುತ್ತಾಳೆ. ಅಪ್ಪನ ಕತೆಯನ್ನು ಇನ್ನೊಮ್ಮೆ ಓದಿ ತುಂಬಾ ಹೊತ್ತು ಸುಮ್ಮನಿದ್ದಳು. ‘ಆವಾಗ ಅಪ್ಪನಿಗೆ ಆ ಹುಡುಗ ಹೇಗೆ ಕಂಡಿರಬಹುದು?’ ಅಂತ ಅವಳೇ ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳ ನೋಟ್‌ಬುಕ್‌ನಲ್ಲಿ ಈ ಸಾಲು ಇತ್ತು: ‘ಬಾಗಿಲು ತೆಗೆದೆ. ಮೂಲೆಯಲ್ಲಿ ಮಗ ನಿಂತಿದ್ದ, ಮಳೆಯಲ್ಲಿ ನೆನೆದ ಗುಬ್ಬಿಯ ಹಾಗೆ.’

ಒಂದು ಗೊಂದಲ ಉಳಿದಿದೆ. ಉತ್ಪ್ರೇಕ್ಷೆ ಅಂದರೆ ದೊಡ್ಡದು ಮಾಡಿ ಹೇಳುವುದು ತಾನೇ? ಪುಸ್ತಕದ ಉದಾಹರಣೆಗಳು ಹಾಗಿಲ್ಲವಲ್ಲ.

ಶಿಕ್ಷಕಿ

ದಿನದ ಮಾತಿನಲ್ಲಿ ಹಾಗೆ ಬಳಸುತ್ತೇವೆ. ಅಲಂಕಾರದ ಲೆಕ್ಕದಲ್ಲಿ ದೊಡ್ಡದು ಮಾಡಿ ಹೇಳುವುದು ಅತಿಶಯೋಕ್ತಿ. ಒಂದನ್ನು ಇನ್ನೊಂದು ಅಂತ ಊಹಿಸಿಕೊಳ್ಳುವುದು ಉತ್ಪ್ರೇಕ್ಷೆ. ‘ಆ ಮಳೆ ಆಕಾಶವೇ ಅಳುತ್ತಿದೆಯೋ ಎನ್ನುವಂತಿತ್ತು.’ ಇಲ್ಲೂ ಅದೇ ಪ್ರಶ್ನೆ ಕೇಳಿ, ಹಾಗೆ ಅನ್ನಿಸಿದ್ದು ಯಾರಿಗೆ?

ಗುಬ್ಬಿಯ ಸಾಲು ಓದಿ ಕಣ್ಣು ತುಂಬಿತು ಮೇಡಂ. ‘ನಾನು’ ಇಲ್ಲದೆಯೇ ಅಪ್ಪನ ಒಳಗೆ ಹೋಗಿದ್ದಾಳೆ. ಮುಂದೆ ಬರೆಯಲು ಹೇಳಿ. ಮಗ ಏನು ಒಡೆದಿದ್ದಾನೆ ಅಂತ ಆ ಅಪ್ಪನಿಗೆ ಇನ್ನೂ ಗೊತ್ತಿಲ್ಲ, ಅಲ್ವಾ? ಅದು ಅವಳಿಗೆ ಬರೆಯುವಾಗ ನೆನಪಿರಲಿ.