ಎಕ್ಸ್‌ಬಾಕ್ಸ್‌ನಿಂದ ಪಿಎಸ್5, ಸ್ವಿಚ್ 2 ಕಡೆ ಹೊರಳೋದಾದ್ರೆ ಮೊದಲು ಎಲ್ಲಿ ಕೈ ಹಾಕ್ಬೇಕು?

ಹೇಮಾವತಿ_ಪಿಕ್ಸೆಲ್ (ಹಾಸನ)

ಕಾಫಿ ತೋಟ ನಡೆಸುವ ಸಿಮ್ಯುಲೇಷನ್ ಆಟ. ಯೂನಿಟಿ 6 ಅನ್ನೋ ಗೇಮ್ ಎಂಜಿನ್‌ನಲ್ಲಿದೆ, ಪಠ್ಯ ಕನ್ನಡ ಮತ್ತು ಇಂಗ್ಲಿಷ್. ಸದ್ಯ ಪಿಸಿ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸೀರೀಸ್ ಎಸ್‌ಗೆ ಸಿಗುತ್ತೆ. ಮುಂದಿನ ದೊಡ್ಡ ಅಪ್‌ಡೇಟನ್ನ ಸೋನಿಯ ಪಿಎಸ್5 ಮತ್ತು ನಿಂಟೆಂಡೊದ ಸ್ವಿಚ್ 2ಗೆ ತಂದು, ಎಕ್ಸ್‌ಬಾಕ್ಸ್‌ಗೆ ಹೊಸ ಕಂಟೆಂಟ್ ನಿಲ್ಲಿಸಿ ಅಂತ ಪಬ್ಲಿಷರ್ ಹೇಳ್ತಿದ್ದಾರೆ. ಪ್ರೋಗ್ರಾಮರ್‌ಗಳು ಇಬ್ಬರೇ.

ಸೀರೀಸ್ ಎಸ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ಗಟ್ಟಿಯಾಗಿ ಬರುತ್ತೆ, ಮೇನ್ ಥ್ರೆಡ್ (ಆಟದ ಮುಖ್ಯ ಲೆಕ್ಕ ನಡೆಯೋ ಸಾಲು) ಫ್ರೇಮ್‌ಗೆ 12 ಮಿಲಿಸೆಕೆಂಡ್ ಆಸುಪಾಸು. ಹಾಗಾದ್ರೆ ಸ್ವಿಚ್ 2ರಲ್ಲಿ 30 ಫ್ರೇಮ್ ಬಂದೇ ಬರುತ್ತೆ ಅಂತ ಮಾತು ಕೊಡಬಹುದಾ? ಎರಡರಲ್ಲಿ ಯಾವುದು ಮೊದಲು? ಎಕ್ಸ್‌ಬಾಕ್ಸ್ ಬಿಲ್ಡ್ ಇದ್ದ ಹಾಗೇ ನಿಲ್ಲಿಸಿದ್ರೆ ಏನು ಕೆಡುತ್ತೆ?

ಮುಳ್ಳಯ್ಯನಗಿರಿ_1930

ಮಾತು ಕೊಡಬೇಡಿ. ಮೆಮೊರಿ ನೋಡಿದ್ರೆ ಎಲ್ಲ ಸರಿಯಿದೆ ಅನ್ಸುತ್ತೆ: ಸೀರೀಸ್ ಎಸ್‌ನ 10 ಜಿಬಿಯಲ್ಲಿ ಆಟಕ್ಕೆ ಸಿಗೋದು ಸುಮಾರು 8, ಸ್ವಿಚ್ 2ರ 12ರಲ್ಲಿ 9. ಪೆಟ್ಟು ಬೀಳೋದು ಸಿಪಿಯು ಮೇಲೆ. ಸೀರೀಸ್ ಎಸ್‌ನ ಝೆನ್ 2 (ಎಎಂಡಿಯ ಸಿಪಿಯು ವಿನ್ಯಾಸ) ಕೋರ್‌ಗಳು 3.4 ಗಿಗಾಹರ್ಟ್ಸ್‌ನಲ್ಲಿ ಓಡ್ತವೆ. ಸ್ವಿಚ್ 2ರ ಎಂಟು ಆರ್ಮ್ ಕೋರ್‌ಗಳಲ್ಲಿ ಎರಡು ಸಿಸ್ಟಮ್‌ಗೆ ಮೀಸಲು. ಉಳಿದ ಆರರ ವೇಗ ಡಾಕ್‌ನಲ್ಲಿ (ಟಿವಿಗೆ ಜೋಡಿಸೋ ಪೀಠ) 998 ಮೆಗಾಹರ್ಟ್ಸ್, ಕೈಯಲ್ಲಿ ಹಿಡಿದು ಆಡುವಾಗ 1101. ಟೈಪಿಂಗ್ ತಪ್ಪಲ್ಲ, ಕೈಯಲ್ಲಿದ್ದಾಗಲೇ ಸಿಪಿಯು ಸ್ವಲ್ಪ ಜಾಸ್ತಿ. ಆಗ ಇಳಿಯೋದು ಜಿಪಿಯು (ಚಿತ್ರ ಬಿಡಿಸೋ ಚಿಪ್), 1007ರಿಂದ 561 ಮೆಗಾಹರ್ಟ್ಸ್‌ಗೆ.

ಜಿಪಿಯು ಕಷ್ಟ ಆದ್ರೆ ರೆಸಲ್ಯೂಷನ್ ಇಳಿಸಿ ಪಾರಾಗಬಹುದು. ಗಿಡಗಳ ಲೆಕ್ಕ, ಆಳುಗಳ ದಾರಿ ಹುಡುಕಾಟ, ಮಳೆ-ತೇವದ ಲೆಕ್ಕ ಇವಕ್ಕೆ ರೆಸಲ್ಯೂಷನ್ ಗೊತ್ತೇ ಇಲ್ಲ. ನಿಮ್ಮ 12 ಮಿಲಿಸೆಕೆಂಡನ್ನ ಬರೀ ಕ್ಲಾಕ್ (ಸಿಪಿಯು ವೇಗ) ಅಂತರದಿಂದ ಗುಣಿಸಿದ್ರೂ ಡಾಕ್‌ನಲ್ಲಿ 40 ದಾಟುತ್ತೆ. 30 ಫ್ರೇಮ್ ಬರ್ಬೇಕಂದ್ರೆ ಒಂದು ಫ್ರೇಮ್‌ಗೆ ಇರೋ ಸಮಯ 33.3 ಮಿಲಿಸೆಕೆಂಡ್. ಕ್ಲಾಕ್ ಒಂದೇ ಅಳತೆಗೋಲಲ್ಲ ನಿಜ, ಆದ್ರೆ ಈ ವಿಷಯದಲ್ಲಿ ಆಶಾವಾದ ಬೇಡ. ಸೀರೀಸ್ ಎಸ್‌ನಲ್ಲಿ ಮೇನ್ ಥ್ರೆಡ್ 8ಕ್ಕೆ ಇಳಿಯೋ ತನಕ ಸ್ವಿಚ್ 2ರ ತಾರೀಖು ಹೇಳ್ಬೇಡಿ.

ಇಳಿಸೋ ದಾರಿ: ಪ್ರತಿ ಗಿಡಕ್ಕೂ ಒಂದೊಂದು ಅಪ್‌ಡೇಟ್ ಫಂಕ್ಷನ್ ಇದ್ರೆ ಮೊದಲು ಅದನ್ನ ಕಿತ್ತುಹಾಕಿ. ಎಲ್ಲ ಗಿಡಗಳ ಡೇಟಾವನ್ನ ಒಂದೇ ನೇಟಿವ್ ಅರೇಗೆ (ಮೆಮೊರಿಯಲ್ಲಿ ಸಾಲಾಗಿ ಕೂರೋ ಪಟ್ಟಿ) ತಂದು, ಹದಿನೈದು ಗುಂಪು ಮಾಡಿ, ಫ್ರೇಮ್‌ಗೆ ಒಂದು ಗುಂಪು ಮಾತ್ರ ಓಡಿಸಿ. 30 ಫ್ರೇಮ್‌ನಲ್ಲೂ ಪ್ರತಿ ಗಿಡಕ್ಕೆ ಸೆಕೆಂಡಿಗೆ ಎರಡು ಸಲ ಸರದಿ ಬರುತ್ತೆ, ಕಾಫಿ ಗಿಡಕ್ಕೆ ಅಷ್ಟು ಧಾರಾಳ ಸಾಕು. ಆ ಲೂಪನ್ನ ಬರ್ಸ್ಟ್ ಜಾಬ್‌ಗೆ ಹಾಕಿ, ಯೂನಿಟಿ ಅದನ್ನ ವೇಗದ ಕೋಡ್ ಮಾಡಿ ಬೇರೆ ಕೋರ್‌ಗಳಲ್ಲಿ ಓಡಿಸುತ್ತೆ. ಆಮೇಲೆ ಯುಐ, ಅಂದ್ರೆ ಪರದೆ ಮೇಲಿನ ಮೆನು, ಅಂಕಿಗಳು: ದುಡ್ಡಿನ ಅಂಕಿ ಬದಲಾದಾಗೆಲ್ಲ ಇಡೀ ಕ್ಯಾನ್ವಾಸ್ (ಯುಐ ಕೂರೋ ಹಾಳೆ) ಮತ್ತೆ ಕಟ್ಟಿಕೊಳ್ಳೋದು ಇಂಥ ಆಟಗಳ ಹಳೇ ಕಾಯಿಲೆ. ಬದಲಾಗೋ ಅಂಕಿಗಳನ್ನ ಬೇರೆ ಕ್ಯಾನ್ವಾಸ್‌ಗೆ ಹಾಕಿ.

ಡೆವ್‌ಕಿಟ್ (ಡೆವಲಪರ್‌ಗಳಿಗೆ ಕೊಡೋ ಕನ್ಸೋಲ್) ಬರೋದಕ್ಕೆ ಮುಂಚೆ ಯಾವುದಾದ್ರೂ ಹಳೇ ಆಂಡ್ರಾಯ್ಡ್ ಫೋನ್‌ಗೆ ಐಎಲ್2ಸಿಪಿಪಿ (ಸಿ# ಕೋಡನ್ನ ಸಿ++ ಮಾಡೋ ಯೂನಿಟಿ ದಾರಿ) ರಿಲೀಸ್ ಬಿಲ್ಡ್ ಹಾಕಿ, ಯಾವ ಕೋಡ್ ಎಷ್ಟು ಸಮಯ ತಿನ್ನುತ್ತೆ ಅಂತ ಪ್ರೊಫೈಲ್ ಮಾಡಿ. ಅಂಕಿ ಹೊಂದಲ್ಲ, ಆದ್ರೆ ಆರ್ಮ್‌ನಲ್ಲಿ ಯಾವ ಫಂಕ್ಷನ್ ಉಬ್ಬುತ್ತೆ ಅನ್ನೋದು ಕಾಣುತ್ತೆ.

ಹಾಗಾಗಿ ಪಿಎಸ್5 ಮೊದಲು. ಅಲ್ಲೂ ಝೆನ್ 2, 16 ಜಿಬಿ. ವೇಗದ ತಲೆನೋವು ಇರಲ್ಲ, ಸೇವ್, ಟ್ರೋಫಿ, ಸರ್ಟಿಫಿಕೇಷನ್ (ಕನ್ಸೋಲ್ ಕಂಪನಿಯ ಪರೀಕ್ಷೆ) ಕಡೆ ಪೂರ್ತಿ ಗಮನ ಕೊಡಬಹುದು.

ಬೇಲೂರು_ಬಿಲ್ಡ್

ಮೇಲಿನದ್ದಕ್ಕೆ ಸೇರಿಸೋದು. ಪೋರ್ಟಿಂಗ್ ಸಮಯ ನುಂಗೋದು ಗ್ರಾಫಿಕ್ಸ್ ಅಲ್ಲ, ಸೇವ್. ಕೋಡ್‌ನಲ್ಲಿ ಎಲ್ಲೆಲ್ಲೋ ಫೈಲ್ ಪಾತ್‌ಗೆ ನೇರ ಬರೀತಿದ್ರೆ, ಅಥವಾ ಎಕ್ಸ್‌ಬಾಕ್ಸ್ ಸೇವ್ ಎಪಿಐ ಕರೆಗಳು ಆಟದ ಲಾಜಿಕ್ ಒಳಗೇ ಸೇರಿಕೊಂಡಿದ್ರೆ, ಹೊಸ ಕನ್ಸೋಲ್ ಮುಟ್ಟೋಕೆ ಮುಂಚೆ ಅದನ್ನ ಬಿಡಿಸಿ. ಮಧ್ಯೆ ಒಂದು ಇಂಟರ್‌ಫೇಸ್ ಸಾಕು: ಓದು, ಬರೆ, ಅಳಿಸು. ಮೂರೂ ಅಸಿಂಕ್ ಆಗಿರಬೇಕು (ಮುಗಿಯೋ ತನಕ ಆಟ ನಿಂತು ಕಾಯಬಾರದು), ಮೂರೂ ಸೋಲಬಹುದು ಅಂತಲೇ ಬರೆದಿರಬೇಕು. ಡಿಸ್ಕ್ ತುಂಬಿದೆ, ಯೂಸರ್ ಬದಲಾದ, ಫೈಲ್ ಹಾಳಾಗಿದೆ ಅನ್ನೋ ಮೂರು ಸಂದರ್ಭಕ್ಕೂ ಪರದೆ ಮೇಲೆ ಸಂದೇಶ ಬೇಕು. ಸರ್ಟಿಫಿಕೇಷನ್‌ನಲ್ಲಿ ಆಟ ವಾಪಸ್ ಬರೋದು ಹೆಚ್ಚಾಗಿ ಇಂಥ ಕಡೆ, ಮತ್ತೆ ಕಂಟ್ರೋಲರ್ ಕಳಚಿದಾಗ ಆಟ ನಿಲ್ಲದೇ ಇದ್ದಾಗ.

ಸೇವ್ ಕ್ಲಾಸ್‌ಗಳನ್ನ ರಿಫ್ಲೆಕ್ಷನ್ (ಓಡುವಾಗ ಕ್ಲಾಸ್‌ಗಳನ್ನ ಹೆಸರಿಂದ ಹುಡುಕೋದು) ಮೂಲಕ ಜೇಸನ್ ಪಠ್ಯ ಮಾಡ್ತಿದ್ರೆ ಹುಷಾರು. ಸ್ಟ್ರಿಪ್ಪಿಂಗ್ (ಬಳಸದ ಕೋಡನ್ನ ಕಿತ್ತುಹಾಕೋದು) ಮಟ್ಟ ಪ್ಲಾಟ್‌ಫಾರ್ಮ್‌ಗೊಂದು ಸೆಟ್ಟಿಂಗ್. ಅದು ಹೆಚ್ಚಿದ್ದ ಕಡೆ, ಕೋಡ್‌ನಲ್ಲಿ ನೇರವಾಗಿ ಕರೆಯದ ಕನ್‌ಸ್ಟ್ರಕ್ಟರ್‌ಗಳು ಬಿಲ್ಡ್‌ನಿಂದಲೇ ಮಾಯ. ಎಡಿಟರ್‌ನಲ್ಲಿ ಸರಿ, ಕನ್ಸೋಲ್‌ನಲ್ಲಿ ಲೋಡ್ ಆಗುವಾಗ ಕ್ರ್ಯಾಶ್. ಲಿಂಕ್ ಡಾಟ್ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಆ ಕ್ಲಾಸ್‌ಗಳಿರೋ ಅಸೆಂಬ್ಲಿಯನ್ನ (ಕೋಡ್ ಕಟ್ಟು) ಉಳಿಸಿಕೊಳ್ಳಿ.

ಬಟನ್: ನಿಂಟೆಂಡೊದಲ್ಲಿ ‘ಎ’ ಬಲಗಡೆ, ಎಕ್ಸ್‌ಬಾಕ್ಸ್‌ನಲ್ಲಿ ಕೆಳಗೆ. ಇನ್‌ಪುಟ್ ಸಿಸ್ಟಮ್‌ನಲ್ಲಿ ‘ಒಪ್ಪಿಗೆ’ಯನ್ನ ದಕ್ಷಿಣದ (ಕೆಳಗಿನ) ಬಟನ್‌ಗೆ ಕಟ್ಟಿದ್ರೆ ಸ್ವಿಚ್‌ನಲ್ಲಿ ಅದನ್ನ ಪೂರ್ವಕ್ಕೆ (ಬಲಕ್ಕೆ) ಬದಲಿಸಿ. ಪಿಎಸ್5ನಲ್ಲಿ ದಕ್ಷಿಣವೇ ಸರಿ. ಟ್ಯುಟೋರಿಯಲ್ ಚಿತ್ರಗಳಲ್ಲಿ ಎಕ್ಸ್‌ಬಾಕ್ಸ್ ಬಟನ್ ಬರೆದುಬಿಟ್ಟಿದ್ರೆ ಈಗಲೇ ಕಿತ್ತು, ಐಕಾನ್ ಬೇರೆ ಇಡಿ. ಅಚೀವ್‌ಮೆಂಟ್‌ಗಳನ್ನ ಟ್ರೋಫಿ ಮಾಡೋದು ಸುಲಭ. ಸ್ವಿಚ್‌ನಲ್ಲಿ ಆ ವ್ಯವಸ್ಥೆಯೇ ಇಲ್ಲ, ಕರೆ ಬಂದ್ರೆ ಸುಮ್ಮನೆ ನುಂಗೋ ಖಾಲಿ ಫಂಕ್ಷನ್ ಇಡಿ.

ಕೆಮ್ಮಣ್ಣುಗುಂಡಿ_ಕೋಡ್ (ಚಿಕ್ಕಮಗಳೂರು)

ಎಕ್ಸ್‌ಬಾಕ್ಸ್ ನಿಲ್ಲಿಸೋ ಬಗ್ಗೆ ಯಾರೂ ಹೇಳಿಲ್ಲ. ಪ್ಲೇ ಎನಿವೇರ್‌ನಲ್ಲಿ (ಒಮ್ಮೆ ಕೊಂಡ್ರೆ ಎಕ್ಸ್‌ಬಾಕ್ಸ್, ಪಿಸಿ ಎರಡರಲ್ಲೂ ಆಡೋ ಮೈಕ್ರೋಸಾಫ್ಟ್ ವ್ಯವಸ್ಥೆ) ಇದ್ದೀರಾ? ಇದ್ರೆ ಪಿಸಿ ಮತ್ತು ಎಕ್ಸ್‌ಬಾಕ್ಸ್ ಒಂದೇ ಕ್ಲೌಡ್ ಸೇವ್ ಹಂಚಿಕೊಳ್ತವೆ. ಪಿಸಿ ಮುಂದೆ ಹೋಗಿ ಎಕ್ಸ್‌ಬಾಕ್ಸ್ ನಿಂತುಹೋದ್ರೆ, ಹೊಸ ಪಿಸಿ ಆವೃತ್ತಿ ಬರೆದ ಸೇವನ್ನ ಹಳೇ ಎಕ್ಸ್‌ಬಾಕ್ಸ್ ಬಿಲ್ಡ್ ತೆರೆಯುತ್ತೆ. ಗೊತ್ತಿಲ್ಲದ ಗಿಡದ ಐಡಿ ಸಿಕ್ಕಿ ಕ್ರ್ಯಾಶ್ ಆದ್ರೆ ಪುಣ್ಯ; ಆ ಗಿಡ ಬಿಟ್ಟು ಮಿಕ್ಕಿದ್ದನ್ನ ಆಟೋಸೇವ್ ಮಾಡಿಬಿಟ್ರೆ ಆಟಗಾರನ ಅರ್ಧ ತೋಟ ಹೋಯ್ತು, ಅದೂ ಎರಡೂ ಕಡೆ.

ಆದ್ದರಿಂದ ನಿಲ್ಲಿಸೋಕೆ ಮುಂಚೆ ಎಕ್ಸ್‌ಬಾಕ್ಸ್‌ಗೆ ಒಂದು ಕೊನೇ ಪ್ಯಾಚ್ ಕಳಿಸಿ. ಸೇವ್‌ನ ಮೊದಲ ನಾಲ್ಕು ಬೈಟ್ ಆವೃತ್ತಿ ಸಂಖ್ಯೆ. ತನಗಿಂತ ದೊಡ್ಡದು ಕಂಡ್ರೆ ತೆರೆಯಬಾರದು, ಅದರ ಮೇಲೆ ಬರೆಯಲೂಬಾರದು, ಸಂದೇಶ ತೋರಿಸಿ ಮೆನುಗೆ ವಾಪಸ್. ಆ ಪ್ಯಾಚ್ ಹೋದ ಮೇಲೆ ಬ್ರಾಂಚ್‌ಗೆ ಟ್ಯಾಗ್ ಹಾಕಿ. ಅದೇ ಯೂನಿಟಿ ಆವೃತ್ತಿ ಮತ್ತು ಅದೇ ಜಿಡಿಕೆ (ಮೈಕ್ರೋಸಾಫ್ಟ್‌ನ ಆಟ ಕಟ್ಟೋ ಕಿಟ್) ಇನ್‌ಸ್ಟಾಲರ್‌ಗಳನ್ನೂ ಒಂದು ಡಿಸ್ಕ್‌ನಲ್ಲಿ ಎತ್ತಿಡಿ.

ಇನ್ನು ಪಬ್ಲಿಷರ್ ಸಲಹೆ. ಪ್ಲಾಟ್‌ಫಾರ್ಮ್ ಬದಲಿಸೋಕೆ ತಾಂತ್ರಿಕ ಕಾರಣ ಇದ್ರೆ ಅದು ಬೇರೆ ಮಾತು. ಫೈನಲ್ ಫ್ಯಾಂಟಸಿ 7 ನಿಂಟೆಂಡೊ ಬಿಟ್ಟು 1997ರಲ್ಲಿ ಪ್ಲೇಸ್ಟೇಷನ್‌ನಲ್ಲಿ ಮೂರು ಸಿಡಿಯಾಗಿ ಬಂತು. ನಿಂಟೆಂಡೊದ ಎನ್64 ಕನ್ಸೋಲ್ ಕಾರ್ಟ್ರಿಜ್‌ನ ಮಿತಿ 64 ಎಂಬಿ, ಆ ಆಟ ಅದರಲ್ಲಿ ಹಿಡಿಸೋದೇ ಇಲ್ಲ. ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸ್‌ಗೆ ಪಿಎಸ್5ಗಿಂತ ಮೂರು ತಿಂಗಳು ತಡವಾಗಿ, 2023ರ ಡಿಸೆಂಬರ್‌ನಲ್ಲಿ ಬಂದಿದ್ದು ಸೀರೀಸ್ ಎಸ್‌ನಲ್ಲಿ ಸ್ಪ್ಲಿಟ್ ಸ್ಕ್ರೀನ್ (ಒಂದೇ ಪರದೆ ಹಂಚಿಕೊಂಡು ಇಬ್ಬರು ಆಡೋದು) ಕೂರದೇ ಇದ್ದಿದ್ದಕ್ಕೆ. ನಿಮಗೆ ಅಂಥ ಅಡ್ಡಿ ಇಲ್ಲ, ಸೀರೀಸ್ ಎಸ್‌ನಲ್ಲಿ ಆಟ ಆಗಲೇ ಓಡ್ತಿದೆ. ಹೊಸ ಕಂಟೆಂಟನ್ನ ಎರಡು-ಮೂರು ತಿಂಗಳು ತಡವಾಗಿ ಎಕ್ಸ್‌ಬಾಕ್ಸ್‌ಗೂ ಕೊಡೋದು ನನ್ನ ಲೆಕ್ಕದಲ್ಲಿ ಪೂರ್ತಿ ನಿಲ್ಲಿಸೋದಕ್ಕಿಂತ ಅಗ್ಗ.

ಮತ್ತೆ, ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರಾಟವೇ ಮಾಡಲ್ಲ. ಸ್ವಿಚ್ ಆವೃತ್ತಿಯ ಗಿರಾಕಿ ಹೊರದೇಶದವರು ಅಂತ ತಿಳಿದೇ ಬಜೆಟ್ ಹಾಕಿ. ಪುಣೆಯ ನಾಡಿಂಗ್ ಹೆಡ್ಸ್‌ನವರ ‘ರಾಜಿ’ ಆಟ 2020ರ ಆಗಸ್ಟ್‌ನಲ್ಲಿ ಮೊದಲು ಸ್ವಿಚ್‌ನಲ್ಲೇ ಬಂತು, ಮಿಕ್ಕ ಕನ್ಸೋಲ್‌ಗಳಿಗೆ ಅಕ್ಟೋಬರ್‌ನಲ್ಲಿ. ಅಂದ್ರೆ ಆಗದ ಕೆಲಸವೇನಲ್ಲ.

ಹೇಮಾವತಿ_ಪಿಕ್ಸೆಲ್ (ಹಾಸನ)

ಪ್ಲೇ ಎನಿವೇರ್ ಇದೆ. ಆ ಕೊನೇ ಪ್ಯಾಚ್ ಪಟ್ಟಿಗೆ ಸೇರಿತು. ಇನ್ನೆರಡು: ಕನ್ನಡ ಪಠ್ಯ ಈಗ ವಿಂಡೋಸ್ ಡಿಎಲ್‌ಎಲ್ ಆಗಿರೋ ಒಂದು ಶೇಪಿಂಗ್ (ಅಕ್ಷರ, ಒತ್ತು ಜೋಡಿಸೋ) ಪ್ಲಗಿನ್ ಮೂಲಕ ಬರ್ತಿದೆ, ಎಕ್ಸ್‌ಬಾಕ್ಸ್‌ಗೂ ಅದನ್ನೇ ಬೇರೆ ಬಿಲ್ಡ್ ಮಾಡಿದ್ದೇವೆ. ಪಿಎಸ್5ನಲ್ಲಿ? ಮತ್ತೆ ಬಿಲ್ಡ್ 18 ಜಿಬಿ, ಅಪ್‌ಲೋಡ್ ವೇಗ 20 ಎಂಬಿಪಿಎಸ್.

ಬೇಲೂರು_ಬಿಲ್ಡ್

ಡಿಎಲ್‌ಎಲ್ ಅಲ್ಲಿ ನಡೆಯಲ್ಲ. ಸೋರ್ಸ್ ಇದ್ರೆ ಪ್ರತಿ ಕನ್ಸೋಲ್‌ನ ಎಸ್‌ಡಿಕೆಯಲ್ಲಿ ಬೇರೆಯಾಗಿ ಕಂಪೈಲ್ ಮಾಡ್ಬೇಕು. ಸೋರ್ಸ್ ಇಲ್ದಿದ್ರೆ ಯೂನಿಟಿಯ ಯುಐ ಟೂಲ್‌ಕಿಟ್‌ನ ಅಡ್ವಾನ್ಸ್ಡ್ ಟೆಕ್ಸ್ಟ್ ಜನರೇಟರ್ ನೋಡಿ, ಅದರೊಳಗೆ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಲೈಬ್ರರಿ ಇದೆ. ಯೂನಿಟಿಯ ಇನ್ನೊಂದು ಪಠ್ಯ ಸಾಧನ ಟೆಕ್ಸ್ಟ್‌ಮೆಶ್ ಪ್ರೋ ತಾನಾಗಿ ಒತ್ತಕ್ಷರ ಜೋಡಿಸಲ್ಲ. ಫಾಂಟ್ ಸಿಸ್ಟಮ್‌ನಿಂದ ಬರುತ್ತೆ ಅಂತ ಕಾಯದೆ ನೋಟೋ ಸ್ಯಾನ್ಸ್ ಕನ್ನಡವನ್ನ ಆಟದ ಜೊತೆಗೇ ಕಳಿಸಿ, ಲೈಸೆನ್ಸ್ ಅಡ್ಡಿಯಿಲ್ಲ. ‘ರಾಷ್ಟ್ರ’, ‘ಸೂರ್ಯ’, ‘ಲಕ್ಷ್ಮಿ’ ಮೂರನ್ನೂ ಪ್ರತಿ ಕನ್ಸೋಲ್‌ನಲ್ಲಿ ಕಣ್ಣಾರೆ ನೋಡಿ. ಸ್ವಿಚ್ 2ರ ಪರದೆ 7.9 ಇಂಚು. ಇಂಗ್ಲಿಷ್‌ಗೆ 24 ಪಿಕ್ಸೆಲ್ ಇಟ್ಟ ಕಡೆ ಕನ್ನಡಕ್ಕೆ 30 ಇಡಿ, ಸಾಲಿನ ಅಂತರವನ್ನೂ ಹೆಚ್ಚಿಸಿ, ಇಲ್ಲಾಂದ್ರೆ ಒತ್ತುಗಳು ಕೆಳಗಿನ ಸಾಲಿಗೆ ತಾಗ್ತವೆ.

ಕೆಮ್ಮಣ್ಣುಗುಂಡಿ_ಕೋಡ್ (ಚಿಕ್ಕಮಗಳೂರು)

18 ಜಿಬಿ, 20 ಎಂಬಿಪಿಎಸ್ ಅಂದ್ರೆ ಅಡೆತಡೆ ಇಲ್ದೆ ಎರಡು ಗಂಟೆ. ಮಳೆಗಾಲದಲ್ಲಿ ಆ ‘ಅಡೆತಡೆ ಇಲ್ದೆ’ ಅನ್ನೋದೇ ಕಷ್ಟ: ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಬೇರೆ ಯುಪಿಎಸ್ ಇರಲಿ. ಅಸೆಟ್ ಬಂಡಲ್‌ಗಳನ್ನ (ಚಿತ್ರ, ಶಬ್ದಗಳ ಕಟ್ಟು) ಕುಗ್ಗಿಸೋಕೆ ಎಲ್‌ಝೆಡ್‌ಎಂಎ ಬಿಟ್ಟು ಎಲ್‌ಝೆಡ್4 ಬಳಸಿ. ಎಲ್‌ಝೆಡ್‌ಎಂಎಯಲ್ಲಿ ಬಂಡಲ್ ಒಂದೇ ಹರಿವಾಗಿ ಕುಗ್ಗುತ್ತೆ, ಒಂದು ಟೆಕ್ಸ್‌ಚರ್ ಬದಲಿಸಿದ್ರೂ ಅಲ್ಲಿಂದಾಚೆಗಿನ ಬೈಟ್‌ಗಳೆಲ್ಲ ಬೇರೆಯಾಗಿ ಪ್ಯಾಚ್ ದಪ್ಪ ಆಗುತ್ತೆ. ಎಲ್‌ಝೆಡ್4 ತುಂಡುತುಂಡಾಗಿ ಕುಗ್ಗಿಸುತ್ತೆ. ಭಾಷೆಯ ಪಠ್ಯ ಮತ್ತು ಆಡಿಯೋ ಬೇರೆ ಬೇರೆ ಬಂಡಲ್‌ನಲ್ಲಿದ್ರೆ ಇನ್ನೂ ಒಳ್ಳೇದು.